ಮಾರುತಿ 800 ಕಾರ್ಬೊರೇಟರ್ ಗಾಡಿ: ಘಾಟಿ ಹತ್ತುವಾಗ ಪೆಟ್ರೋಲ್ ಸಾಲ್ತಿಲ್ಲ, ಫಿಲ್ಟರ್ ಮನೇಲೇ ಬದಲಿಸಬಹುದಾ?

ತೀರ್ಥಹಳ್ಳಿ_800:

ಗಾಡಿ 1998ರ 800, ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಇರೋದು. ಊರೊಳಗೆ ಏನೂ ತೊಂದ್ರೆ ಇಲ್ಲ, ಸ್ಲೋ (ಎಕ್ಸಲರೇಟರ್ ಒತ್ತದೆ ಇಂಜಿನ್ ಓಡೋದು) ಚೆನ್ನಾಗೇ ನಿಲ್ಲುತ್ತೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿ ನಾಲ್ಕೈದು ತಿರುವು ದಾಟೋ ಹೊತ್ತಿಗೆ ಸೆಕೆಂಡ್ ಗೇರಲ್ಲೂ ಎಳೆಯಲ್ಲ, ಜರ್ಕ್ ಹೊಡೆದು ಆಫ್ ಆಗುತ್ತೆ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗಿ ಇನ್ನೆರಡು ತಿರುವು ಹತ್ತುತ್ತೆ. ಪ್ಲಗ್, ಏರ್ ಫಿಲ್ಟರ್ ಹೊಸದು. ಬಾನೆಟ್ ಒಳಗೆ ಪೈಪಿನ ಮಧ್ಯೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಇದೆ, ಒಳಗಿನ ಕಾಗದ ಕಾಫಿ ಬಣ್ಣಕ್ಕೆ ತಿರುಗಿದೆ. ಇದನ್ನ ಮನೇಲೇ ಬದಲಿಸಬಹುದಾ? ಪೈಪ್ ಯಾವ ಸೈಜು ತರಬೇಕು? ಡೀಸೆಲ್ ಗಾಡಿ ಥರ ಪೈಪಲ್ಲಿ ಸಿಕ್ಕಿರೋ ಏರ್ ತೆಗೀಬೇಕಾ?

ಹತ್ತರ_ಸ್ಪ್ಯಾನರ್:

ಬದಲಿಸಬಹುದು ಸರ್, ಅರ್ಧ ಗಂಟೆ ಕೆಲಸ. ಆದ್ರೆ ಬಿಚ್ಚೋಕೆ ಮುಂಚೆ ತಪ್ಪು ಪೆಟ್ರೋಲಿಂದೋ ಕರೆಂಟಿಂದೋ ನೋಡ್ಕೊಳ್ಳಿ, ಇಲ್ಲಾಂದ್ರೆ ಫಿಲ್ಟರ್ ಹೊಸದಾಗುತ್ತೆ, ರೋಗ ಹಳೇದೇ ಇರುತ್ತೆ. ನಿಮ್ಮ ಕಾರ್ಬೊರೇಟರ್ ಪಕ್ಕದಲ್ಲಿ ಒಂದು ಸಣ್ಣ ದುಂಡು ಗಾಜಿದೆ, ನಡುವೆ ಗುರುತು. ಗಾಡಿ ಸಮತಟ್ಟಲ್ಲಿ ಸ್ಲೋನಲ್ಲಿ ಇರೋವಾಗ ಪೆಟ್ರೋಲ್ ಆ ಗುರುತಿನ ಆಸುಪಾಸು ನಿಲ್ಲಬೇಕು. ಘಾಟಿಯಲ್ಲಿ ಆಫ್ ಆದ ತಕ್ಷಣ, ಮತ್ತೆ ಸೆಲ್ಫ್ ಹೊಡೆಯೋಕೆ ಮುಂಚೆ, ಬಾನೆಟ್ ಎತ್ತಿ ಆ ಗಾಜು ನೋಡಿ. ಏರಲ್ಲಿ ನಿಂತಿರೋದ್ರಿಂದ ಮಟ್ಟ ಸ್ವಲ್ಪ ವಾಲಿರುತ್ತೆ, ಅದು ಪರವಾಗಿಲ್ಲ. ಗಾಜು ಪೂರ್ತಿ ಖಾಲಿ ಇದ್ರೆ ಪೆಟ್ರೋಲ್ ಬರ್ತಿಲ್ಲ. ತುಂಬಿದ್ರೆ ಫಿಲ್ಟರ್ ಮುಟ್ಟಲೇಬೇಡಿ, ಬಿಸಿಯಾದಾಗ ಕೈಕೊಡೋ ಇಗ್ನಿಷನ್ ಕಾಯಿಲ್ ಕಡೆ ನೋಡಿ. ಆ ಕಾಯಿಲೂ ಹೀಗೇ ಐದು ನಿಮಿಷ ತಣ್ಣಗಾಗಿ ಮತ್ತೆ ಸರಿ ಹೋಗುತ್ತೆ.

ಊರಲ್ಲಿ ಸರಿಯಿದ್ದು ಘಾಟಿಯಲ್ಲಿ ಮಾತ್ರ ಯಾಕೆ ಅಂದ್ರೆ, ಸ್ಲೋನಲ್ಲಿ ಇಂಜಿನ್ನಿಗೆ ಬೇಕಾದ ಪೆಟ್ರೋಲ್ ತುಂಬಾ ಕಮ್ಮಿ, ಅರ್ಧ ಕಟ್ಟಿದ ಫಿಲ್ಟರೂ ಅಷ್ಟನ್ನ ಬಿಡುತ್ತೆ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಸಾಲಲ್ಲ, ಪಂಪ್ ಜೋರಾಗಿ ಎಳೆಯುತ್ತೆ. ಎಳೆತ ಜಾಸ್ತಿ ಆದಷ್ಟೂ ಪೈಪಲ್ಲಿ ಒತ್ತಡ ಇಳಿಯುತ್ತೆ, ಅದಕ್ಕೆ ಬಾನೆಟ್ ಒಳಗಿನ ಬಿಸಿ ಸೇರಿದ್ರೆ ಪೆಟ್ರೋಲ್ ಪೈಪಲ್ಲೇ ಆವಿಯಾಗುತ್ತೆ. ಪಂಪಿಗೆ ಆವಿ ತಳ್ಳೋಕೆ ಬರಲ್ಲ. ‘ವೇಪರ್ ಲಾಕ್’ ಅಂತ ಹೇಳಿ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿಸೋ ಎಷ್ಟೋ ಗಾಡಿಗಳ ಮೂಲ ಕಾಯಿಲೆ ಕಟ್ಟಿದ ಫಿಲ್ಟರೇ.

ಇನ್ನು ಮುಖ್ಯವಾದ ವಿಷಯ: ನಿಮ್ಮ ಫಿಲ್ಟರ್ ಪಂಪಿಗೆ ಮುಂಚೆ ಇದೆಯೋ ಆಮೇಲೋ ಖಚಿತ ಮಾಡ್ಕೊಳ್ಳಿ. ಇಷ್ಟು ಹಳೇ ಗಾಡಿಯಲ್ಲಿ ಪೈಪನ್ನ ಯಾರು ಯಾವಾಗ ಹೇಗೆ ತಿರುಗಿಸಿದಾರೋ ಹೇಳೋಕಾಗಲ್ಲ, ಕೈಯಲ್ಲಿ ಹಿಡ್ಕೊಂಡೇ ಹೋಗಿ ನೋಡಬೇಕು. ಪಂಪ್ ಅಂದ್ರೆ ಸಿಲಿಂಡರ್ ಹೆಡ್ಡಿಗೆ ಕೂತಿರೋದು, ಕ್ಯಾಮ್ ಶಾಫ್ಟ್ ಅದನ್ನ ಒತ್ತುತ್ತೆ. ಅದಕ್ಕೆ ಎರಡಕ್ಕಿಂತ ಹೆಚ್ಚು ಪೈಪ್ ಕಂಡ್ರೆ ಇನ್ನೊಂದು ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್. ಬಿಚ್ಚೋಕೆ ಮುಂಚೆ ಫೋಟೋ ತೆಗೆದು, ಪ್ರತಿ ಪೈಪಿಗೂ ಟೇಪ್ ಸುತ್ತಿ ಗುರುತು ಹಾಕಿ. ಫಿಲ್ಟರ್ ಪಂಪಿಗೆ ಮುಂಚೆ ಇದ್ರೆ ಅಲ್ಲಿ ಓಡುವಾಗ ಇರೋದು ಎಳೆತ, ಒತ್ತಡ ಅಲ್ಲ. ಅಲ್ಲಿ ಕ್ಲಿಪ್ ಲೂಸಾದ್ರೆ ಪೆಟ್ರೋಲ್ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತೆ. ‘ಎಲ್ಲೂ ಲೀಕ್ ಇಲ್ಲ’ ಅಂತ ಬಾನೆಟ್ ಮುಚ್ಚಿ ಹೋದವರ ಗಾಡಿ ಅದೇ ಘಾಟಿಯಲ್ಲಿ ಮತ್ತೆ ನಿಲ್ಲುತ್ತೆ. ಪಂಪಿನ ಆಚೆ ಇದ್ರೆ ಲೀಕ್ ಕಣ್ಣಿಗೆ ಕಾಣುತ್ತೆ, ಆದ್ರೆ ಬಿಸಿ ಎಗ್ಸಾಸ್ಟ್ ಹತ್ತಿರ ಬೆಂಕಿ ಅಪಾಯ ಹೆಚ್ಚು.

ತರಬೇಕಾದ್ದು: ನಿಮ್ಮ ಗಾಡಿ ಮಾಡೆಲ್ಲಿನ ಫಿಲ್ಟರ್ ಒಂದು, ಪೆಟ್ರೋಲಿಗೆ ಅಂತಲೇ ಮಾಡಿರೋ ರಬ್ಬರ್ ಪೈಪ್ ಅರ್ಧ ಮೀಟರ್, ಹೊಸ ಕ್ಲಿಪ್ ನಾಲ್ಕು. ಸೈಜಿಗೆ ಹಳೇ ಪೈಪಿನ ತುಂಡು ತಗೊಂಡು ಹೋಗೋದೇ ಸರಿ. 6 ಮಿ.ಮೀ. ಮತ್ತು 8 ಮಿ.ಮೀ. ಕಣ್ಣಳತೆಗೆ ಒಂದೇ ಥರ ಕಾಣುತ್ತೆ, 8ರ ಪೈಪನ್ನ 6ರ ನಿಪ್ಪಲ್ಲಿಗೆ (ಪೈಪ್ ಸಿಕ್ಕಿಸೋ ಸಣ್ಣ ಕೊಳವೆ ಮೂತಿ) ಕ್ಲಿಪ್ ಬಿಗಿದು ಕೂರಿಸಿದ್ರೆ ರಬ್ಬರ್ ಮಡಿಚಿಕೊಂಡು ಆ ಮಡಿಕೆಯಲ್ಲೇ ಗಾಳಿ ಎಳೆಯುತ್ತೆ. ಗಾರೆ ಕೆಲಸದವರ ಲೆವೆಲ್ ಪೈಪ್ ಮಾತ್ರ ಬೇಡ. ಪೆಟ್ರೋಲಿಗೆ ಅದು ಕೆಲವೇ ವಾರದಲ್ಲಿ ಹಳದಿಯಾಗಿ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿಯಾಗುತ್ತೆ, ಆಮೇಲೆ ಬಿರುಕು.

ಕೆಲಸ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಶೆಡ್ಡಿನ ಮೂಲೆಯಲ್ಲಿ ನಿಲ್ಲುತ್ತೆ. ಹತ್ತಿರ ಬಚ್ಚಲ ಒಲೆ, ಗ್ಯಾಸ್ ಗೀಸರ್, ನೀರಿನ ಮೋಟರ್ ಸ್ವಿಚ್ ಇದ್ರೆ ಆ ಜಾಗ ಬೇಡ. ಬೆಂಕಿ ಆರಿಸೋ ಪುಡಿ ಸಿಲಿಂಡರ್ ಕೈಗೆ ಸಿಗೋ ಹಾಗೆ ಇರಲಿ, ಇಲ್ಲದಿದ್ರೆ ಒಂದು ಬಕೆಟ್ ಒಣ ಮರಳು. ನೀರು ಹುಯ್ದ್ರೆ ಪೆಟ್ರೋಲ್ ತೇಲಿ ಬೆಂಕಿ ಹರಡುತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಕಟ್ಟಿ, ಅದಕ್ಕೆ 10ರ ಸ್ಪ್ಯಾನರ್ ಸಾಕು. ಆಮೇಲೆ ಪೆಟ್ರೋಲ್ ಟ್ಯಾಂಕ್ ಮುಚ್ಚಳ ಒಂದ್ಸಲ ತೆಗೆದು ಹಾಕಿ. ಬಿಸಿಲಲ್ಲಿ ನಿಂತ ಗಾಡಿಯ ಟ್ಯಾಂಕಲ್ಲಿ ಆವಿ ಒತ್ತಡ ಕಟ್ಟಿರುತ್ತೆ, ಅದನ್ನ ಬಿಡದೆ ಪೈಪ್ ಎಳೆದ್ರೆ ನಿಲ್ಲದೆ ಸುರಿಯುತ್ತೆ. ಮೂತಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ರೂ ಅದೇ ಕಥೆ.

ಕ್ಲಿಪ್‌ನ ಎರಡು ಕಿವಿಯನ್ನ ಪ್ಲೈಯರಲ್ಲಿ ಒತ್ತಿ ಪೈಪಿನ ಮೇಲೆ ಹಿಂದಕ್ಕೆ ಸರಿಸಿ. ಹಳೇ ರಬ್ಬರ್ ನಿಪ್ಪಲ್ಲಿಗೆ ಅಂಟಿಕೊಂಡಿರುತ್ತೆ, ನೇರ ಎಳೆಯಬೇಡಿ, ಮೊದಲು ಸುತ್ತ ತಿರುಗಿಸಿ ಬಿಡಿಸಿ. ಜಗ್ಗದಿದ್ರೆ ಪೈಪ್ ತುದಿಯನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ. ಹೇಗಿದ್ರೂ ಹೊಸ ಪೈಪ್ ತಂದಿದ್ದೀರಿ. ಪಂಪಿನ ನಿಪ್ಪಲ್ ಅಲ್ಲಾಡಿದ್ರೆ ಪಂಪೇ ಹೋಯ್ತು, ಜೋರು ಅಲ್ಲಿ ತೋರಿಸಬೇಡಿ. ಕೆಳಗೆ ಸ್ಟೀಲ್ ಡಬ್ಬಿ ಇಡಿ, ಅರ್ಧ ಲೋಟದಷ್ಟು ಬೀಳಬಹುದು.

ಹೊಸ ಫಿಲ್ಟರ್ ಮೇಲಿನ ಬಾಣ ಪೆಟ್ರೋಲ್ ಹೋಗೋ ದಿಕ್ಕಿಗೆ, ಅಂದ್ರೆ ಕಾರ್ಬೊರೇಟರ್ ಕಡೆಗೆ. ಉಲ್ಟಾ ಹಾಕಿದ್ರೂ ಕೆಲವು ದಿನ ಓಡುತ್ತೆ, ಅದೇ ಮೋಸ. ಕಾಗದದ ಒಳಮೈ ಜಾಗ ಕಮ್ಮಿ ಇರೋದ್ರಿಂದ ಬೇಗ ಕಟ್ಟುತ್ತೆ. ಹಾಕೋ ಮುಂಚೆ ಒಳಬರೋ ಕಡೆಯಿಂದ ಸಿರಿಂಜಲ್ಲಿ ಶುದ್ಧ ಪೆಟ್ರೋಲ್ ತುಂಬಿದ್ರೆ ಆಮೇಲೆ ಸೆಲ್ಫ್ ಹೊಡೆಯೋದು ಅರ್ಧ ಉಳಿಯುತ್ತೆ. ಪೈಪ್ ನಿಪ್ಪಲ್ಲಿನ ಉಬ್ಬು ದಾಟಿ ಒಂದು ಇಂಚಿನಷ್ಟು ಒಳಗೆ ಹೋಗಲಿ, ಕ್ಲಿಪ್ ಆ ಉಬ್ಬಿನ ಆಚೆ ಕೂರಲಿ. ಉಬ್ಬಿನ ಮೇಲೇ ಕೂತ ಕ್ಲಿಪ್ ನಿಧಾನಕ್ಕೆ ಜಾರುತ್ತೆ.

ಡೀಸೆಲ್ ಥರ ಏರ್ ತೆಗೆಯೋದು ಬೇಕಿಲ್ಲ. ಡಬ್ಬಿ, ಒರೆಸಿದ ಬಟ್ಟೆ ಎಲ್ಲ ದೂರ ಇಟ್ಟು, ಆವಿ ಹೋಗೋಕೆ ಹತ್ತು ನಿಮಿಷ ಬಿಟ್ಟು ಬ್ಯಾಟರಿ ಹಾಕಿ. ಐದಾರು ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ಬಿಡುವು, ಮತ್ತೆ ಸೆಲ್ಫ್. ಒಂದೇ ಸಮನೆ ಹೊಡೆದ್ರೆ ಸೆಲ್ಫ್ ಮೋಟರ್ ಸುಡುತ್ತೆ. ಫಿಲ್ಟರ್ ಒಳಗೆ ಮೇಲ್ಗಡೆ ಗಾಳಿ ಗುಳ್ಳೆ ನಿಂತಿರೋದು ಕಂಡ್ರೆ ಗಾಬರಿ ಬೇಡ, ಅದು ಸಹಜ.

ಹಳೇ ಫಿಲ್ಟರ್ ಎಸೀಬೇಡಿ. ಒಳಬರೋ ನಿಪ್ಪಲ್ಲಿಂದ ಬಿಳಿ ಪಿಂಗಾಣಿ ಬಟ್ಟಲಿಗೆ ತಲೆಕೆಳಗಾಗಿ ಕುಟ್ಟಿ ಸುರಿದು ನೋಡಿ, ಏನು ಬಿತ್ತು ಹೇಳಿ.

ಡಬಲ್_ಕ್ಲಚ್:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟ್ಯಾಂಕ್ ಮುಚ್ಚಳ ತೆಗೆಯೋದು ಬಿಚ್ಚೋ ದಿನ ಮಾತ್ರ ಅಲ್ಲ, ಘಾಟಿಯಲ್ಲಿ ನಿಂತಾಗಲೇ ತೆಗೆದು ನೋಡಿ. ‘ಉಸ್’ ಅಂತ ಗಾಳಿ ಒಳಗೆ ಹೋದ್ರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಕಟ್ಟಿದೆ. ಪೆಟ್ರೋಲ್ ಹೋದಷ್ಟೂ ಟ್ಯಾಂಕಲ್ಲಿ ಎಳೆತ ಹುಟ್ಟಿ ಪಂಪ್ ಸೋಲುತ್ತೆ. ಹತ್ತು ಫಿಲ್ಟರ್ ಬದಲಿಸಿದ್ರೂ ಇದು ಸರಿ ಹೋಗಲ್ಲ.

ಸ್ಕ್ರೂ ಕ್ಲಿಪ್ ಬಗ್ಗೆ: ಸಂದಿ ಇರೋ ಮಾಮೂಲಿ ಪಟ್ಟಿ ಕ್ಲಿಪ್ ಇಷ್ಟು ತೆಳು ಪೈಪಿಗೆ ಬೇಡ, ಆ ಸಂದಿಗಳು ರಬ್ಬರನ್ನ ತುರಿಮಣೆ ಥರ ಕೊರೆಯುತ್ತವೆ. ಸ್ಪ್ರಿಂಗ್ ಕ್ಲಿಪ್ಪೋ, ಅಂಚು ಮಡಿಚಿರೋ ಪೆಟ್ರೋಲ್ ಪೈಪಿನ ಕ್ಲಿಪ್ಪೋ ತಗೊಳ್ಳಿ. ಬೈಕಿನ ಜಾಲರಿ ಫಿಲ್ಟರ್ ಹಾಕಿಕೊಡ್ತೀವಿ ಅನ್ನೋರೂ ಸಿಗ್ತಾರೆ, ದಾರಿಯಲ್ಲಿ ಕೆಟ್ಟಾಗ ಮನೆ ಸೇರೋಕೆ ಸರಿ, ಅಷ್ಟೇ. ಅದರ ನೈಲಾನ್ ಜಾಲರಿ ದಪ್ಪ ಕಸ ಮಾತ್ರ ಹಿಡಿಯುತ್ತೆ, ಸಣ್ಣ ತುಕ್ಕಿನ ಪುಡಿ ದಾಟಿ ಹೋಗಿ ಕಾರ್ಬೊರೇಟರ್ ಒಳಗಿನ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಟುತ್ತೆ.

ಎಸ್ಟೀಮ್_ಮೈಸೂರು:

ನಂದು ಎಂಪಿಎಫ್‌ಐ, ಅಂದ್ರೆ ಕಾರ್ಬೊರೇಟರ್ ಬದಲು ಇಂಜೆಕ್ಟರಲ್ಲಿ ಪೆಟ್ರೋಲ್ ಚಿಮುಕಿಸೋ ಗಾಡಿ. ಇದೇ ರೀತಿ ಪೈಪ್ ಎಳೆದು ಮಾಡಬಹುದಾ?

ಹತ್ತರ_ಸ್ಪ್ಯಾನರ್:

ಖಂಡಿತ ಬೇಡ. ಕಾರ್ಬೊರೇಟರ್ ಪಂಪಿನ ಒತ್ತಡ ಕಾಲು ಬಾರ್ ಆಸುಪಾಸು, ಎಂಪಿಎಫ್‌ಐ ಪೈಪಲ್ಲಿ 2.5ರಿಂದ 3 ಬಾರ್. ಇಂಜಿನ್ ಆಫ್ ಮಾಡಿದ ಮೇಲೂ ಎಷ್ಟೋ ಹೊತ್ತು ಆ ಒತ್ತಡ ಹಾಗೇ ನಿಂತಿರುತ್ತೆ. ಬಿಚ್ಚಿದ್ರೆ ಮುಖಕ್ಕೇ ಚಿಮ್ಮುತ್ತೆ. ಮೊದಲು ಪೆಟ್ರೋಲ್ ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗೇ ಆಫ್ ಆಗೋವರೆಗೆ ಬಿಡಿ. ಆಮೇಲೆ ಮೂರು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆದು ಬ್ಯಾಟರಿ ಬಿಚ್ಚಿ. ಬಿಚ್ಚುವಾಗಲೂ ಬಟ್ಟೆ ಸುತ್ತಿಯೇ ಲೂಸ್ ಮಾಡಿ, ಕನ್ನಡಕ ಹಾಕ್ಕೊಳ್ಳಿ.

ಫಿಲ್ಟರ್ ಲೋಹದ್ದು, ಸಾಮಾನ್ಯವಾಗಿ ಹಿಂದೆ ಅಡಿಯಲ್ಲಿ ಟ್ಯಾಂಕಿನ ಹತ್ತಿರ. ಬರೀ ಗಾಡಿ ಜಾಕಿನ ಮೇಲೆ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಹಾಲೋ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಒಮ್ಮೆಗೇ ಪುಡಿಯಾಗುತ್ತೆ. ನಡುವೆ ತೂತಿರೋ ಯೂನಿಯನ್ ಬೋಲ್ಟ್ ಇದ್ರೆ ಅದರ ಎರಡೂ ಕಡೆ ವಾಷರ್ ಹೊಸದೇ ಹಾಕಬೇಕು. ಹಳೇದು ಒಂದ್ಸಲ ಚಪ್ಪಟೆಯಾದ್ಮೇಲೆ ಮತ್ತೆ ಹಿಡಿಯಲ್ಲ. ಬೋಲ್ಟ್ ಬಿಚ್ಚುವಾಗ ಫಿಲ್ಟರಿನ ಷಟ್ಕೋನಕ್ಕೆ ಇನ್ನೊಂದು ಸ್ಪ್ಯಾನರ್ ಕೊಟ್ಟು ಹಿಡ್ಕೊಳ್ಳಿ, ಇಲ್ಲಾಂದ್ರೆ ತುಕ್ಕು ಹಿಡಿದ ಲೋಹದ ಪೈಪ್ ತಿರುಚಿ ಸೀಳುತ್ತೆ. ಹಾಕಿದ ಮೇಲೆ ಸ್ಟಾರ್ಟ್ ಮಾಡದೆ ಬರೀ ಕೀ ಆನ್, ಆಫ್, ಮೂರು ನಾಲ್ಕು ಸಲ. ಪ್ರತಿ ಸಲ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನುತ್ತೆ. ಆ ಒತ್ತಡದಲ್ಲಿ ಜಾಯಿಂಟ್ ಒಣಗಿದ್ರೆ ಮಾತ್ರ ಸ್ಟಾರ್ಟ್.

ಡಬಲ್_ಕ್ಲಚ್:

ಪೈಪ್ ವಿಷಯಕ್ಕೆ ಇಬ್ಬರಿಗೂ ಅನ್ವಯಿಸೋ ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20ಗೆ (ಎಥನಾಲ್ ಬೆರೆಸಿದ ಪೆಟ್ರೋಲ್) ಚಾಲನೆ ಕೊಟ್ಟಿದ್ದು, ಈಗ ಬಂಕಲ್ಲಿ ಹೆಚ್ಚುಕಮ್ಮಿ ಸಿಗೋದು ಅದೇ. 20% ಎಥನಾಲ್ ಇದೆ ಅಂತ 1998ರ ರಬ್ಬರ್ ಮಾಡಿದವರಿಗೆ ಗೊತ್ತಿರಲಿಲ್ಲ. ಹಳೇ ಪೈಪ್ ಒಳಗಿಂದ ಉಬ್ಬಿ, ಮೆತ್ತಗಾಗಿ, ಕರೀ ಪದರ ಬಿಡುತ್ತೆ. ಜೊತೆಗೆ ಎಥನಾಲ್ ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೇ ಜಿಡ್ಡನ್ನೂ ಬಿಡಿಸಿ ಫಿಲ್ಟರಿಗೆ ತಂದು ಹಾಕುತ್ತೆ. ಪೈಪಿನ ಮೇಲೆ ಅದರ ಗುಣಮಟ್ಟದ ಗುರುತು ಎಸ್‌ಎಇ ಜೆ30 ಆರ್7 ಅಂತಿದ್ರೆ ಕಾರ್ಬೊರೇಟರಿನ ಒತ್ತಡಕ್ಕೆ ನಡೆಯುತ್ತೆ, ಎಂಪಿಎಫ್‌ಐಗೆ ಆರ್9 ಬೇಕು. ಸಿಕ್ಕಿದ್ರೆ 800ಗೂ ಆರ್9 ಹಾಕಿ, ಒಳಪದರ ಎಥನಾಲ್ ತಡೆಯುತ್ತೆ. ಬೇಕಾಗಿರೋದು ಅರ್ಧ ಮೀಟರ್, ಅಲ್ಲಿ ಕಂಜೂಸಿ ಬೇಡ.

ತೀರ್ಥಹಳ್ಳಿ_800:

ಗಾಜು ಖಾಲಿ ಇತ್ತು, ಮುಚ್ಚಳದಲ್ಲಿ ‘ಉಸ್’ ಬರಲಿಲ್ಲ. ಫಿಲ್ಟರ್ ಪಂಪಿಗೆ ಮುಂಚೆ ಇತ್ತು, ಹೊಸದು ಹಾಕಿದೆ. ಬಟ್ಟಲಲ್ಲಿ ಕಂದು ಪುಡಿ ಜಾಸ್ತಿ, ಕರೀ ಚೂರು ಸ್ವಲ್ಪ, ತಳದಲ್ಲಿ ಒಂದೆರಡು ನೀರಿನ ಹನಿ. ಘಾಟಿ ಈಗ ಹತ್ತುತ್ತೆ. ಆದ್ರೆ ಬೆಳಿಗ್ಗೆ ಹೊತ್ತು ಮುಂಚಿಗಿಂತ ಜಾಸ್ತಿ ಸೆಲ್ಫ್ ಹೊಡೀಬೇಕಾಗಿದೆ.

ಹತ್ತರ_ಸ್ಪ್ಯಾನರ್:

ಕಂದು ಪುಡಿ ಟ್ಯಾಂಕಿನ ತುಕ್ಕು, ಕರೀದು ಪೈಪಿನ ಒಳಪದರ. ಬಾನೆಟ್ ಒಳಗಿನ ತುಂಡು ಬದಲಿಸಿದ್ದೀರಿ, ಟ್ಯಾಂಕಿನ ಬಾಯಲ್ಲಿ ಇನ್ನೊಂದು ರಬ್ಬರ್ ತುಂಡಿದೆ, ಅದನ್ನೂ ನೋಡಿ. ಟ್ಯಾಂಕಲ್ಲಿ ತುಕ್ಕಿರೋದ್ರಿಂದ ಈ ಹೊಸ ಫಿಲ್ಟರನ್ನ 2,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ಕುಟ್ಟಿ ನೋಡಿ. ಆಗಲೂ ಅಷ್ಟೇ ಪುಡಿ ಬಿದ್ರೆ ಟ್ಯಾಂಕ್ ಇಳಿಸಿ ತೊಳೆಸಬೇಕು. ನೀರು ಕಂಡಿರೋದ್ರಿಂದ ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಿ ವಾರಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ನೀರನ್ನ ಹೀರಿ, ಮಿತಿ ಮೀರಿದ್ರೆ ನೀರಿನ ಸಮೇತ ತಳಕ್ಕೆ ಕೂರುತ್ತೆ, ಪಂಪ್ ಎಳೆಯೋದು ತಳದಿಂದಲೇ.

ಬೆಳಗಿನ ಸೆಲ್ಫ್ ಹೊಸ ಜಾಯಿಂಟಿನ ಗಾಳಿ ಅಂತ ಅನುಮಾನ. ರಾತ್ರಿ ಇಂಜಿನ್ ಆಫ್ ಮಾಡಿದ ಮೇಲೆ ಫಿಲ್ಟರ್ ಮೈಮೇಲೆ ಪೆಟ್ರೋಲ್ ಮಟ್ಟಕ್ಕೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೀರಿ. ಬೆಳಿಗ್ಗೆ ಮಟ್ಟ ಚೆನ್ನಾಗಿ ಇಳಿದಿದ್ರೆ ಎಲ್ಲೋ ಗಾಳಿ ನುಗ್ಗಿ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಜಾರಿದೆ. ಆಗ ಎರಡೂ ತುದಿ ಬಿಚ್ಚಿ ಒಂದು ಸೆಂಟಿಮೀಟರ್ ಕತ್ತರಿಸಿ, ಕ್ಲಿಪ್ ಉಬ್ಬಿನ ಆಚೆ ಕೂತಿದೆಯಾ ನೋಡಿ ಮತ್ತೆ ಹಾಕಿ. ಇಂಜಿನ್ ಓಡುವಾಗ ಫಿಲ್ಟರ್ ಒಳಗೆ ಸಣ್ಣ ಗುಳ್ಳೆ ಸಾಲಾಗಿ ಬರ್ತಾನೇ ಇದ್ರೂ ಅದೇ ಅರ್ಥ.

ಗೆರೆ ಇದ್ದಲ್ಲೇ ಇದ್ದು, ಕಾರ್ಬೊರೇಟರ್ ಗಾಜು ಮಾತ್ರ ಖಾಲಿ ಆಗಿದ್ರೆ ಜಾಯಿಂಟ್ ಸರಿಯಿದೆ, ಪಂಪಿನ ವಾಲ್ವೋ ಕಾರ್ಬೊರೇಟರೋ ನೋಡಬೇಕು. ಹಾಗಿದ್ರೆ ಆಯಿಲ್ ಡಿಪ್ ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದ್ರೆ, ಆಯಿಲ್ ಮಟ್ಟ ಏರಿದ್ರೆ, ಪಂಪಿನ ಡಯಾಫ್ರಮ್ (ಒಳಗಿನ ತೆಳು ರಬ್ಬರ್ ಪೊರೆ) ಹರಿದು ಪೆಟ್ರೋಲ್ ಇಂಜಿನ್ ಆಯಿಲ್ಲಿಗೆ ಇಳೀತಿದೆ. ಅಂಥ ಗಾಡಿ ಓಡಿಸಬೇಡಿ. ಪಂಪ್, ಆಯಿಲ್ ಎರಡೂ ಬದಲಿಸಿದ ಮೇಲೇ ಸ್ಟಾರ್ಟ್ ಮಾಡಿ.

ತೀರ್ಥಹಳ್ಳಿ_800:

ಗೆರೆ ಎಳೆದಿಟ್ಟಿದ್ದೆ, ಬೆಳಿಗ್ಗೆ ಅರ್ಧ ಇಂಚು ಕೆಳಗಿತ್ತು. ಟ್ಯಾಂಕಿಂದ ಬರೋ ಕಡೆ ಕ್ಲಿಪ್ ಉಬ್ಬಿನ ಮೇಲೇ ಕೂತಿತ್ತು. ಸರಿಸಿ ಹಾಕಿದ್ಮೇಲೆ ಎರಡು ದಿನದಿಂದ ಗೆರೆ ಅಲ್ಲೇ ಇದೆ, ಒಂದೇ ಸೆಲ್ಫಿಗೆ ಸ್ಟಾರ್ಟ್. ಡಿಪ್ ಸ್ಟಿಕ್ಕಲ್ಲಿ ಪೆಟ್ರೋಲ್ ವಾಸನೆ ಇಲ್ಲ.