ದುರ್ಗದ ಬಂಡೆ ಜಲವರ್ಣದಲ್ಲಿ ಆಲೂಗಡ್ಡೆ ಆಗ್ತಿದೆ! ಊರಿನ ನಿಸರ್ಗಚಿತ್ರ ನೆಚ್ಚಿ ಬದುಕಬಹುದಾ?

ಬಯಲುಸೀಮೆ_ಕುಂಚ:
ದಾವಣಗೆರೆಯಲ್ಲಿ ಬಿ.ವಿ.ಎ. (ದೃಶ್ಯಕಲೆಯ ಪದವಿ) ಕೊನೇ ವರ್ಷ. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ವಾಣಿವಿಲಾಸ ಸಾಗರ ಸೇರಿಸಿ 20 ಜಲವರ್ಣ ಚಿತ್ರಗಳ ಸರಣಿ ಮಾಡಬೇಕಂತಿದೆ. ಬಂಡೆಗಳು ಆಲೂಗಡ್ಡೆ ರಾಶಿ ಹಾಕಿದಂಗೆ ಕಾಣ್ತವೆ, ನೆರಳು ಕೆಸರಾಗುತ್ತೆ, ಆಕಾಶದ ವಾಶ್ (ನೀರಾಗಿ ಬಳಿದ ತೆಳು ಬಣ್ಣದ ಪದರ) ಅರ್ಧಕ್ಕೇ ಒಣಗಿ ಗೆರೆ ಬೀಳುತ್ತೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ಕಾಗದ, 11×15 ಇಂಚು. ಇನ್ನೊಂದು ಪ್ರಶ್ನೆ: ಒಂದೇ ಸೀಮೆಯ ನಿಸರ್ಗಚಿತ್ರ ಮಾಡ್ಕೊಂಡು ಕಲಾವಿದರಾಗಿ ನಿಲ್ಲೋಕಾಗುತ್ತಾ? ನಮ್ಮ ಸೀಮೆಯ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಹೆಸರು ಎಲ್ಲರೂ ಹೇಳ್ತಾರೆ, ಅವರ ದಾರಿ ಹೇಗಿತ್ತು?

ಕಲ್ಲಿನಕೋಟೆ:
ಮೊದಲು ಬಂಡೆ. ಇಲ್ಲಿನದು ಗ್ರಾನೈಟು. ಹೊರಮೈ ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿಡುತ್ತೆ, ಅದಕ್ಕೇ ಗುಂಡು. ಆದರೆ ಸೀಳುಗಳು ನೇರ. ನೀವು ಗುಂಡು ಹೊರಗೆರೆ ಎಳೆದು ಸುತ್ತಲೂ ಒಂದೇ ಸಮ ನೆರಳು ತೀಡಿದರೆ ಆಲೂಗಡ್ಡೆ ಬಿಟ್ಟು ಬೇರೇನೂ ಬರಲ್ಲ ಬಿಡ್ರಿ. ಕಣ್ಣು ಅರ್ಧ ಮುಚ್ಚಿ ನೋಡಿ, ಬಿಸಿಲು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತೆ ಅನ್ನೋ ಗೆರೆಯನ್ನ ಮಾತ್ರ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೊಳ್ಳಿ. ಬಿಸಿಲಿನ ಮೈಗೆ ತೆಳ್ಳಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅದರಲ್ಲಿ ಚೂರು ಲೈಟ್ ರೆಡ್. ಪೂರ್ತಿ ಒಣಗಲಿ. ಆಮೇಲೆ ನೆರಳು ಒಂದೇ ಸಲಕ್ಕೆ, ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು). ನೀಲಿ ತುಸು ಮುಂದಿರಲಿ. ಅದಿನ್ನೂ ಹಸಿ ಇರುವಾಗಲೇ ಬಂಡೆಯ ಬುಡಕ್ಕೆ ಬರೀ ಸಿಯೆನ್ನಾ ಮುಟ್ಟಿಸಿ. ಕೆಳಗಿನ ಕೆಂಪು ಮಣ್ಣಿನ ಬೆಳಕು ಅಲ್ಲಿಗೆ ಹಾರಿರುತ್ತೆ. ನೆರಳಿನ ಅಂಚು ಒಂದು ಕಡೆ ಮಾತ್ರ ನೀರಿನ ಬ್ರಷ್ಷಲ್ಲಿ ಮೆತ್ತಗೆ ಮಾಡಿ, ಉಳಿದದ್ದು ಗಡುಸಾಗೇ ಇರಲಿ.

ಬಂಡೆಗಳ ಮೇಲಿನ ಕಪ್ಪು ಪಟ್ಟೆ ನೋಡಿದೀರಲ್ಲ, ಮಳೆನೀರು ಇಳಿದು ಪಾಚಿ ಕಟ್ಟಿದ ಜಾಡು ಅದು. ಅದನ್ನ ನೆಟ್ಟಗೆ ಎಳೆದರೆ ಬಂಡೆ ಚಪ್ಪಟೆ. ಉಬ್ಬಿದಲ್ಲಿ ಉಬ್ಬಿ, ತಗ್ಗಿನಲ್ಲಿ ಒಳಸರಿದು ಇಳೀಬೇಕು. ಬಂಡೆಯ ಆಕಾರವನ್ನ ಆ ಪಟ್ಟೆಯೇ ಹೇಳುತ್ತೆ. 4ನೇ ನಂಬರ್ ರೌಂಡ್ ಬ್ರಷ್, ಬಟ್ಟೆಗೆ ಒರೆಸಿ ಅರೆತೇವ ಮಾಡ್ಕೊಂಡು ಸೀಳಿನ ಬಾಯಿಂದ ಶುರು ಮಾಡಿ, ಕೆಳಕ್ಕೆ ಬರ್ತಾ ತೆಳ್ಳಗಾಗಲಿ.

ಕೆಸರಾಗೋದು ಎರಡು ಕಾರಣಕ್ಕೆ: ಮೂರಕ್ಕಿಂತ ಹೆಚ್ಚು ಬಣ್ಣ ಕಲಸೋದು, ಅರೆಬರೆ ಒಣಗಿದ ವಾಶ್‌ಗೆ ಮತ್ತೆ ಕೈ ಹಾಕೋದು. ಆಗಲೇ ಹೂಕೋಸಿನಂಥ ಕಲೆ ಏಳೋದು. ಟ್ಯೂಬಿನ ಕಪ್ಪನ್ನ ಮನೇಲೇ ಬಿಟ್ಟು ಬನ್ನಿ.

ವೇದಾವತಿ_ದಡ:
ವಾಶ್ ಒಣಗೋದಕ್ಕೆ: ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಗಾಳಿಯಲ್ಲಿ ತೇವಾನೇ ಇರಲ್ಲ. ಹತ್ತಿ ಕಾಗದವಾದರೆ ಎರಡೂ ಕಡೆ ನೀರು ಬಳಿದು ಅಕ್ರಿಲಿಕ್ ಹಲಗೆಗೆ ಅಂಟಿಸಿ, ಹಿಂಬದಿಯ ತೇವ ಆಕಾಶ ಮುಗಿಯೋವರೆಗೆ ಕಾಯುತ್ತೆ. 250 ಮಿ.ಲೀ. ನೀರಿಗೆ 5–6 ಹನಿ ಗ್ಲಿಸರಿನ್ ಹಾಕಿದರೂ ನಡೆಯುತ್ತೆ. ಜಾಸ್ತಿಯಾದರೆ ಚಿತ್ರ ಜಿಗುಟಾಗೇ ಉಳಿದು ಮಳೆಗಾಲದಲ್ಲಿ ಫ್ರೇಮಿನ ಗಾಜಿಗೆ ಅಂಟುತ್ತೆ. ಕಾಗದದ ಮೇಲೆ ನೇರ ಬಿಸಿಲು ಬೀಳಬಾರದು. ಬಣ್ಣ ತಿಳಿಯಾಗಿ ಕಂಡು ಗಾಢ ಮಾಡ್ತಾ ಹೋಗ್ತೀರಿ, ಮನೆಗೆ ತಂದು ನೋಡಿದರೆ ಕತ್ತಲು. ಬೆಳಿಗ್ಗೆ 9ರೊಳಗೆ, ಸಂಜೆ 4.30ರ ಮೇಲೆ ಕೂರಿ. ನಡುಮಧ್ಯಾಹ್ನ ಬಂಡೆಗೆ ನೆರಳೇ ಇರಲ್ಲ. ಜೂನ್ ಆದಮೇಲೆ ಗಾಳಿ ಜೋರು, ಈಸಲ್ (ಚಿತ್ರದ ಹಲಗೆ ನಿಲ್ಲಿಸೋ ಸ್ಟ್ಯಾಂಡ್) ನಡುವೆ ಕಲ್ಲು ತುಂಬಿದ ಚೀಲ ತೂಗಿಸಿ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಈಸಲ್ ಹೂಡೋ ಮುಂಚೆ ಟಿಕೆಟ್ ಕೊಡೋ ಕಡೆ ಒಂದು ಮಾತು ಕೇಳಿ.

ಹಳೇ_ಕ್ಯಾನ್ವಾಸ್:
ತಿಪ್ಪೇಸ್ವಾಮಿಯವರು ಹುಟ್ಟಿದ್ದು 1922ರಲ್ಲಿ, ಹಿರಿಯೂರು ತಾಲ್ಲೂಕಿನ ಹರ್ತಿಕೋಟೆ. ತೀರಿಕೊಂಡದ್ದು 2000ದಲ್ಲಿ. ಬರೀ ನಿಸರ್ಗಚಿತ್ರ ಮಾರಿ ಬದುಕಿದವರಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರಲ್ಲಿ ಒಬ್ಬರು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿದೆಯಲ್ಲ, ಅದೇ. ಜಾನಪದದ ಕೆಲಸ ಅವರ ಚಿತ್ರಕ್ಕೆ ಅಡ್ಡಿಯಾಯ್ತು ಅಂತ ನನಗನ್ನಿಸಲ್ಲ. ಹಳ್ಳಿಯ ಒನಕೆ, ಗೂಡೆ, ಗೊಂಬೆ ಗುರುತಿಸಬಲ್ಲ ಕಣ್ಣು ಬಯಲಿನಲ್ಲಿ ಒಂದು ಮನೆ ಬರೆದರೂ ಅದು ಯಾರ ಮನೆ ಅಂತ ಬಲ್ಲದು. ಮೈಸೂರಿಗೆ ಹೋದಾಗ ಆ ಸಂಗ್ರಹಾಲಯ ತೆರೆದಿದ್ದರೆ ಅದಕ್ಕೆ ಅರ್ಧ ದಿನ ಇಡಿ.

ಹೊಟ್ಟೆಪಾಡಿಗೆ ಮೊದಲ ಕೆಲ ವರ್ಷ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೆಲಸವೋ ವಿನ್ಯಾಸದ ಕೆಲಸವೋ ಜೊತೆಗಿರಲಿ. ಮಾರೋದಕ್ಕೆ ಚಿತ್ರಸಂತೆ ಒಳ್ಳೇ ಜಾಗ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುತ್ತೆ, ಸಾಮಾನ್ಯವಾಗಿ ಜನವರಿ ಮೊದಲ ಭಾನುವಾರದ ಸುಮಾರಿಗೆ, ಒಂದೇ ದಿನ. ಅರ್ಜಿ ತಿಂಗಳುಗಳ ಮುಂಚೆ. ಬೆಲೆಯನ್ನ ಚದರ ಇಂಚಿನ ಲೆಕ್ಕಕ್ಕೆ ಕಟ್ಟಿ, ಫ್ರೇಮಿನ ಖರ್ಚು ಬೇರೆ ಸೇರಿಸಿ. 11×15 ಅಂದರೆ 165 ಚದರ ಇಂಚು. ಒಂದೇ ಅಳತೆಗೆ ಒಂದೇ ದರ. ಗಿರಾಕಿ ಮುಖ ನೋಡಿ ಬೆಲೆ ಹೇಳಿದರೆ ಪಕ್ಕದ ಮಳಿಗೆಯವರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತೆ. ಗಾಜಿಗೆ ಚಿತ್ರ ತಾಗದ ಹಾಗೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸೋ ದಪ್ಪ ರಟ್ಟು) ಹಾಕಿಸಿ.

ಬಯಲುಸೀಮೆ_ಕುಂಚ:
ಎಲ್ಲರಿಗೂ ಥ್ಯಾಂಕ್ಸ್ ಸರ್. ಒಂದೇ ಒಂದು: ಜೋಗಿಮಟ್ಟಿ ಕಡೆ ಗುಡ್ಡದ ಸಾಲಲ್ಲಿ ವಿಂಡ್‌ಮಿಲ್ ಅಡ್ಡ ಬರ್ತವೆ. ತೆಗೆದುಬಿಡಲಾ?

ಕಲ್ಲಿನಕೋಟೆ:
ಯಾಕ್ರಿ ತೆಗೀತೀರಿ? ಈಗಿನ ದುರ್ಗ ಅದೇ. ಎಲ್ಲ ಬೇಡ, ಎರಡೋ ಮೂರೋ ಸಾಕು, ದೂರದ್ದು ಗಿಡ್ಡ. ಆಕಾಶ ಬಳಿಯೋ ಮುಂಚೆ, ಕಾಗದದ ಬಿಳಿ ಕಾಯೋ ರಬ್ಬರಿನಂಥ ದ್ರವ, ಮಾಸ್ಕಿಂಗ್ ಫ್ಲೂಯಿಡ್‌ನ್ನ ಅದ್ದಿ ಬರೆಯೋ ನಿಬ್ಬಿನಲ್ಲಿ ಎಳೀರಿ, ಬ್ರಷ್ಷಾದರೆ ಹಾಳಾಗುತ್ತೆ. ಆಕಾಶ ಒಣಗಿದ ತಕ್ಷಣ ನೆರಳಲ್ಲಿ ಉಜ್ಜಿ ತೆಗೀರಿ. ಬಿಸಿಲಿಗೆ ಬಿಟ್ಟರೆ ಅದು ಕಾಗದ ಕಚ್ಚಿಕೊಂಡು ಕೀಳುವಾಗ ಮೇಲ್ಪದರಾನೂ ಕಿತ್ಕೊಂಡು ಬರುತ್ತೆ.