ಪದಚರ್ಚೆ: ‘ಲಿಮಿಟಿಂಗ್ ರಿಯೇಜೆಂಟ್’ ಕನ್ನಡದಲ್ಲಿ ಏನು? (ತುರ್ತು)

ಕೇಳಿಕೆ:
ಬಲ್ಲವರಿಗೆ ನಮಸ್ಕಾರ. ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಅಭ್ಯಾಸ ಹಾಳೆ ಸಂಜೆ ಅಚ್ಚಿಗೆ ಹೋಗಬೇಕು. ಲೆಕ್ಕ ಇದು: 1 ಮೋಲಾರ್ (ಲೀಟರಿಗೆ 1 ಮೋಲ್; ಮೋಲ್ ಎಂದರೆ ಡಜನ್‌ನಂತೆ ಕಣಗಳ ಒಂದು ನಿಗದಿತ ಎಣಿಕೆ) ಹೈಡ್ರೋಕ್ಲೋರಿಕ್ ಆಮ್ಲ 100 ಮಿಲಿಲೀಟರ್ ಇದೆ, ಅದಕ್ಕೆ 6.54 ಗ್ರಾಂ ಸತು ಹಾಕಿದರೆ ಎಷ್ಟು ಹೈಡ್ರೋಜನ್ ಬರುತ್ತದೆ? ‘ಲಿಮಿಟಿಂಗ್ ರಿಯೇಜೆಂಟ್’ಗೆ (ಕ್ರಿಯೆಯಲ್ಲಿ ಮೊದಲು ಮುಗಿದುಹೋಗಿ ಉತ್ಪನ್ನಕ್ಕೆ ಮಿತಿ ಹಾಕುವ ವಸ್ತು) ಕರಡಿನಲ್ಲಿ ‘ಸೀಮಿತ ಪ್ರತಿವರ್ತಕ’ ಎಂದಿದೆ. ಇರಲೇ? ‘ಸ್ಟಾಯ್ಕಿಯೊಮೆಟ್ರಿ’ಗೂ (ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಬೇಕು, ಎಷ್ಟು ಬರುತ್ತದೆ ಎಂಬ ಲೆಕ್ಕ) ಒಂದು ಪದ ಬೇಕು.

ಮರು 1:
ಬೇಡ. ‘ಸೀಮಿತ’ ಎಂದರೆ ಮಿತಿಗೆ ಒಳಗಾದದ್ದು. ನಿಮಗೆ ಬೇಕಾದದ್ದು ಮಿತಿ ಹಾಕುವಂಥದ್ದು. ಪೀಡಕನನ್ನು ಪೀಡಿತ ಅಂದಂತಾಯಿತು. ಸಂಸ್ಕೃತದ ಕ್ತ ಪ್ರತ್ಯಯವನ್ನು (ಕ್ರಿಯಾಧಾತುವಿಗೆ ಹತ್ತಿ ‘ಆದದ್ದು’ ಎಂಬ ಅರ್ಥ ಕೊಡುವುದು) ಎಲ್ಲೆಂದರಲ್ಲಿ ಹಚ್ಚುವ ಚಟ ಇದು. ‘ಮಿತಿಕಾರಕ’ ಎನ್ನಿ.

ಮರು 2:
ಅದು ಕ್ತ ಅಲ್ಲ ಸ್ವಾಮಿ, ಇತಚ್. ನಾಮಪದಕ್ಕೆ ಹತ್ತಿದ್ದು.

ಮರು 3:
ಯಾವ ಪ್ರತ್ಯಯವಾದರೂ ಆಗಲಿ, ‘ಸೀಮಿತ’ ಓದಿದ ಹುಡುಗರು ‘ಯಾವುದು ಕಡಿಮೆ ಇದೆಯೋ ಅದು’ ಅಂದುಕೊಂಡು ಗ್ರಾಂಗಳನ್ನೇ ಹೋಲಿಸುತ್ತಾರೆ. ಆಮ್ಲ 3.65 ಗ್ರಾಂ, ಸತು 6.54 ಗ್ರಾಂ; ಆಮ್ಲ ಎಂದು ಬರೆದು ಪೂರ್ತಿ ಅಂಕ ಹೊಡೆಯುತ್ತಾರೆ. ದಾರಿ ತಪ್ಪು, ಉತ್ತರ ಸರಿ! ಸತು 0.1 ಮೋಲ್, ಆಮ್ಲವೂ 0.1 ಮೋಲ್. ಸರಿದೂಗಿಸಿದ ಸಮೀಕರಣದಲ್ಲಿ 1 ಸತುವಿಗೆ 2 ಆಮ್ಲ. ಮೋಲ್‌ಗಳನ್ನು ಆಯಾ ಗುಣಾಂಕದಿಂದ ಭಾಗಿಸಿದರೆ ಸತು 0.1, ಆಮ್ಲ 0.05. ಚಿಕ್ಕದು ಬಂದದ್ದು ಮೊದಲು ಮುಗಿಯುತ್ತದೆ. ಹೈಡ್ರೋಜನ್ 0.05 ಮೋಲ್, 3.27 ಗ್ರಾಂ ಸತು ತಳದಲ್ಲೇ ಉಳಿಯುತ್ತದೆ.

ಸತುವಿನ ಬದಲು 2.43 ಗ್ರಾಂ ಮೆಗ್ನೀಸಿಯಂ ಕೊಡಿ. ಅದೂ 0.1 ಮೋಲೇ, ಉತ್ತರ ಬದಲಾಗದು. ಆದರೆ ಈಗ ಗ್ರಾಂನಲ್ಲಿ ಲೋಹವೇ ಕಡಿಮೆ, ಮುಗಿಯುವುದು ಆಮ್ಲ. ಗ್ರಾಂ ಹೋಲಿಸಿದವರು ಸಿಕ್ಕಿಬೀಳುತ್ತಾರೆ. ಅನಿಲದ ಗಾತ್ರ ಕೇಳುವುದಾದರೆ ಒತ್ತಡ ಹೇಳಿ: 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಆದರೆ ಮೋಲ್‌ಗೆ 22.4 ಲೀಟರ್, ಅಂದರೆ ನಮ್ಮ 0.05 ಮೋಲ್‌ಗೆ 1.12 ಲೀಟರ್; 1 ಬಾರ್ ಆದರೆ ಮೋಲ್‌ಗೆ 22.7 ಲೀಟರ್.

ಮರು 4:
‘ಕಾರಕ’ವೂ ಸಂಸ್ಕೃತ, ‘ಪ್ರತಿವರ್ತಕ’ವೂ ಸಂಸ್ಕೃತ. ‘ಮುಂಚೆ ಮುಗಿಯುವುದು’ ಅಂದರೆ ಏನು ಕಡಿಮೆಯಾಯಿತು? ಆಮ್ಲಕ್ಕೂ ‘ಹುಳಿ’ ಇದೆಯಲ್ಲ.

ಮರು 5:
ಹಾಗಾದರೆ ‘ಸಾರರಿಕ್ತ ಆಮ್ಲ’ (ಡೈಲ್ಯೂಟ್ ಆಸಿಡ್) ‘ಸಾರರಿಕ್ತ ಹುಳಿ’. ಸಾರೂ ಬಂತು, ಹುಳಿಯೂ ಬಂತು, ಪಲ್ಯ ಒಂದು ಬಾಕಿ. ಅದಿರಲಿ, ‘ಹೈಡ್ರೋಜನ್’ ಯಾಕೆ? ‘ಜಲಜನಕ’ ಸತ್ತುಹೋಯಿತೇ?

ಮರು 2 ಬರೆದವರಿಂದ:
ಜಲಜನಕ ಬದುಕಿರಲಿ, ಅದರ ಜೋಡಿ ‘ಆಮ್ಲಜನಕ’ ನೋಡಿ. ಆಕ್ಸಿಜನ್ನೇ ಆಮ್ಲತ್ವಕ್ಕೆ ಮೂಲ ಎಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ನಂಬಿದ್ದ, ಹೆಸರು ಹಾಗೆ ಬಂತು. ನೀವು ಲೆಕ್ಕ ಹಾಕುತ್ತಿರುವ ಈ ಆಮ್ಲದಲ್ಲೇ ಆಮ್ಲಜನಕ ಇಲ್ಲ. 1810ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಡೇವಿ ಅದನ್ನು ತೋರಿಸಿಯೂ ಆಗಿತ್ತು. ನಾವು ಪದದ ಜೊತೆಗೆ ತಪ್ಪನ್ನೂ ಅನುವಾದಿಸಿಕೊಂಡೆವು. ಎರವಲು ತಂದಿದ್ದರೆ ಕನಿಷ್ಠ ಅರ್ಥ ಕಾಣುತ್ತಿರಲಿಲ್ಲ.

ಸ್ಟಾಯ್ಕಿಯೊಮೆಟ್ರಿ 1792ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ರಿಕ್ಟರ್ ಕಟ್ಟಿದ ಪದ. ಗ್ರೀಕಿನ ‘ಸ್ಟಾಯ್ಕಿಯಾನ್’ ಎಂದರೆ ಮೂಲವಸ್ತು, ‘ಮೆಟ್ರಾನ್’ ಅಳತೆ. ತ್ರಿಕೋನಮಿತಿ ಇದ್ದಂತೆ ‘ಧಾತುಮಿತಿ’ ಎನ್ನಬಹುದು.

ಮರು 1 ಬರೆದವರಿಂದ:
‘ಧಾತುಮಿತಿ’ಯಲ್ಲಿ ಮಿತಿ ಅಂದರೆ ಅಳತೆ, ‘ಮಿತಿಕಾರಕ’ದಲ್ಲಿ ಎಲ್ಲೆ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುವವರ ಗತಿ? ನನ್ನದನ್ನು ಹಿಂದಕ್ಕೆ ಪಡೆಯುತ್ತೇನೆ. ನಿಮ್ಮದನ್ನು ಒಪ್ಪುವುದಿಲ್ಲ. ಧಾತು ಎಂದರೆ ವ್ಯಾಕರಣದವರಿಗೆ ಕ್ರಿಯಾಪದದ ಬೇರು, ವೈದ್ಯರಿಗೆ ರಕ್ತಮಾಂಸ.

ಕೇಳಿದವರು:
ಸಮಯವಾಯಿತು. ‘ಮೊದಲು ಮುಗಿಯುವ ಪ್ರತಿವರ್ತಕ’ ಎಂದು ಹಾಕಿದ್ದೇನೆ, ‘ಸ್ಟಾಯ್ಕಿಯೊಮೆಟ್ರಿ’ ಹಾಗೇ ಇದೆ. ಲೆಕ್ಕದಲ್ಲಿ ಈಗ 2.43 ಗ್ರಾಂ ಮೆಗ್ನೀಸಿಯಂ.

ಮರು 4 ಬರೆದವರಿಂದ:
‘ಮುಂಚೆ’ ಅಂದಿದ್ದೆ, ‘ಮೊದಲು’ ಅಲ್ಲ.

ಮರು 5 ಬರೆದವರಿಂದ:
ಮೆಗ್ನೀಷಿಯಂ. ಷಕಾರ.