ಏಕಾದಶಿಗೆ ಬಂದ ಚಿನ್ನದ ಮೊಟ್ಟೆ

ರಘು ಚಿಕ್ಕಪ್ಪ: 〔ಫಾರ್ವರ್ಡ್〕 ರಷ್ಯಾ ಚಕ್ರವರ್ತಿ ಹೆಂಡತಿಗೆ ಕೊಟ್ಟ ಚಿನ್ನದ ಮೊಟ್ಟೆ ಅಮೆರಿಕದ ಗುಜರಿ ವ್ಯಾಪಾರಿ ಕೈಗೆ!! ಅಕ್ಕಸಾಲಿಗ ಫ್ಯಾಬರ್ಜೆ ಒಬ್ಬನೇ ಕೈಯಾರೆ ಮಾಡಿದ್ದು!! ಎಲ್ಲರಿಗೂ ಕಳಿಸಿ 🙏

ಸುಮತಿ ಅತ್ತೆ: ಏಕಾದಶಿ ದಿನ ಗ್ರೂಪಲ್ಲಿ ಮೊಟ್ಟೆ ಹಾಕ್ತೀಯಲ್ಲೋ ರಘು 😄

ದೀಪು: ಗುಜರಿ ಕಥೆ ನಿಜ ಚಿಕ್ಕಪ್ಪ. ಒಬ್ಬನೇ ಮಾಡಿದ್ದು ಅನ್ನೋದು ಸುಳ್ಳು. ಅವನ ಅಂಗಡೀಲಿ ಪೆರ್ಖಿನ್, ವಿಗ್‌ಸ್ಟ್ರೋಮ್ ಅಂತ ಮೇಸ್ತ್ರಿಗಳಿದ್ರು. 1913ರ ‘ಚಳಿಗಾಲದ ಮೊಟ್ಟೆ’ಯ ವಿನ್ಯಾಸ ಆಲ್ಮಾ ಪೀಲ್ ಅನ್ನೋ ಹೆಣ್ಣುಮಗಳದ್ದು.

ಮೋಹನ ದೊಡ್ಡಪ್ಪ: ಯಾರು ಮಾಡಿದ್ರೇನು? ಜನ ಹೊಟ್ಟೆಗಿಲ್ಲದೆ ಸಾಯ್ತಿದ್ರೆ ರಾಜ ವರ್ಷವರ್ಷ ಈಸ್ಟರ್‌ಗೆ ಹೆಂಡತಿಗೊಂದು, ಅಮ್ಮನಿಗೊಂದು! ಕ್ರಾಂತಿ ಆಗದೆ ಇನ್ನೇನಾಗುತ್ತೆ?

ದೀಪು: ಜಪಾನ್ ಯುದ್ಧದಿಂದಾಗಿ 1904, 1905ರಲ್ಲಿ ಮಾಡಿಸಲಿಲ್ಲ ದೊಡ್ಡಪ್ಪ. 1916ರಲ್ಲಿ ಹೆಂಡತಿಗೆ ಕೊಟ್ಟಿದ್ದು ಉಕ್ಕಿನದು, ನಾಲ್ಕು ಫಿರಂಗಿ ಗುಂಡಿನ ಮೇಲೆ ನಿಂತಿದೆ.

ಮೋಹನ ದೊಡ್ಡಪ್ಪ: ಆಹಾ, ಎಂಥ ತ್ಯಾಗ! ಅರಮನೆಗೆ ಒಟ್ಟು 50 ಮೊಟ್ಟೆ ಆಗಿದೆ, ಅದನ್ನ ಹೇಳು.

ಸುಮತಿ ಅತ್ತೆ: ಅದಿರ್ಲಿ ಅಣ್ಣ. ದೀಪು, ಗುಜರಿಯವನು ಯಾಕೆ ಕರಗಿಸಲಿಲ್ಲ?

ದೀಪು: ಕರಗಿಸೋಕೇ ತಗೊಂಡಿದ್ದು ಅತ್ತೆ. ಸುಮಾರು 14 ಸಾವಿರ ಡಾಲರ್ ಕೊಟ್ಟಿದ್ದ. ತೂಕಕ್ಕೆ ಅಷ್ಟು ಕೊಡೋರು ಯಾರೂ ಸಿಗಲಿಲ್ಲ, ಮನೇಲೇ ಬಿದ್ದಿತ್ತು. ಒಳಗೊಂದು ವಾಚು. ಅದರ ಮೇಲಿದ್ದ ‘ವಾಶೆರಾನ್ ಕಾನ್‌ಸ್ಟಾಂಟಿನ್’ ಅನ್ನೋ ವಾಚ್ ಕಂಪನಿ ಹೆಸರನ್ನ ‘ಮೊಟ್ಟೆ’ ಜೊತೆ ಗೂಗಲ್ ಮಾಡಿದಾಗ ಗೊತ್ತಾಯ್ತು, ಇದು 1887ರದ್ದು, ಕಳೆದುಹೋಗಿತ್ತು ಅಂತ. 2014ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೂ ಇಟ್ಟಿದ್ರು.

ಸುಮತಿ ಅತ್ತೆ: ನೋಡಿ! ಅಂಗಡೀಲಿ ಮಜೂರಿ ಅಂದ್ರೆ ಸೇಟು ಜೊತೆ ಜಗಳಕ್ಕೆ ನಿಲ್ತೀರಿ. ಇಲ್ಲಿ ಬೆಲೆ ಇರೋದೇ ಮಜೂರಿಗೆ.

ದೀಪು: ಹೌದು ಅತ್ತೆ. 1885ರ ಮೊದಲನೇದು ಹೊರಗಿಂದ ಬರೀ ಬಿಳಿ ಎನಾಮಲ್, ಥೇಟ್ ಕೋಳಿಮೊಟ್ಟೆ. ತೆಗೆದ್ರೆ ಚಿನ್ನದ ಹಳದಿ ಉಂಡೆ, ಅದನ್ನೂ ತೆಗೆದ್ರೆ ಚಿನ್ನದ ಕೋಳಿ. ಆ ಕೋಳಿನೂ ಬಿಚ್ಚುತ್ತೆ!

ಮೋಹನ ದೊಡ್ಡಪ್ಪ: ಮಜೂರಿಗಲ್ಲಮ್ಮ, ರಾಜನ ಹೆಸರಿಗೆ. ಬೇರೆಯವರಿಗೆ ಮಾಡಿದ್ದಕ್ಕೆ ಯಾರು ಕೊಡ್ತಾರೆ ಅಷ್ಟು?

ದೀಪು: ಕೊಟ್ಟಿದ್ದಾರೆ ದೊಡ್ಡಪ್ಪ. 1902ರ ರಾತ್‌ಸ್‌ಚೈಲ್ಡ್ ಮೊಟ್ಟೆ ಅರಮನೆಗೆ ಮಾಡಿದ್ದಲ್ಲ. ಗಂಟೆಗೊಮ್ಮೆ ಮೇಲಿಂದ ಹುಂಜ ಎದ್ದು ರೆಕ್ಕೆ ಬಡಿದು ಕೂಗುತ್ತೆ. 2007ರ ಹರಾಜಲ್ಲಿ ಹತ್ತತ್ರ 90 ಲಕ್ಷ ಪೌಂಡ್.

ಮೋಹನ ದೊಡ್ಡಪ್ಪ: ರಾತ್‌ಸ್‌ಚೈಲ್ಡ್ ಅಂದ್ರೆ ರಾಜರಿಗೇ ಸಾಲ ಕೊಡೋ ಮನೆತನ! ಅವರನ್ನ ಸಾಮಾನ್ಯರ ಲೆಕ್ಕಕ್ಕೆ ಸೇರಿಸ್ತೀಯಾ?

ದೀಪು: ಸರಿ, ಹಾಗಾದ್ರೆ ಗುಜರಿಯವನ್ನೇ ತಗೊಳ್ಳಿ. ಅವನ ಮನೇಲಿದ್ದಾಗ ಅದಕ್ಕೆ ರಾಜನ ಹೆಸರೂ ಇರಲಿಲ್ಲ, ಬೆಲೆನೂ ಇರಲಿಲ್ಲ. ಕೆಲಸ ಮಾತ್ರ ಅದೇ.

ಮೋಹನ ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ ಅಲ್ವೇನೋ!

ಸುಮತಿ ಅತ್ತೆ: 🤦‍♀️

ರಘು ಚಿಕ್ಕಪ್ಪ: ದೀಪು, ಹುಂಜ ಕೂಗೋ ವಿಡಿಯೋ ಇದ್ರೆ ಹಾಕಪ್ಪ